ಕಚ್ಚದೆ ಮುರಿದ ಬಿಸ್ಕತ್ತು

ಆ ವಿಡಿಯೋದಲ್ಲಿ ನನ್ನ ಮುಖವಿಲ್ಲ, ದನಿ ಮಾತ್ರ ಇದೆ. "ಇನ್ನೊಂದ್ಸಲ ಮಾಡೇ, ಮೂಗಿಂದ ಹೊಗೆ ಬರ್ಲೇ ಇಲ್ಲ." ಆಮೇಲೆ ಅದನ್ನು ಎಷ್ಟು ಸಲ ಹಾಕಿ ಕೇಳಿಸಿಕೊಂಡೆನೋ ಲೆಕ್ಕವಿಲ್ಲ.

ಪಿಯುಸಿ ಓದುವ ತಂಗಿಗೂ ನನಗೂ ಎಲ್ಲಿ ಏನು ತಿನ್ನಬೇಕೆಂದು ಹೇಳುತ್ತಿದ್ದುದು ಫೋನು. ಹನುಮಂತನಗರದ ನಮ್ಮ ಮನೆ ಪಕ್ಕದ ಹೋಟೆಲು ಬಿಟ್ಟು, ರೀಲ್‌ನಲ್ಲಿ ಕಂಡ ಚೀಸ್ ದೋಸೆಗಾಗಿ ಬಿಟಿಎಂ ಲೇಔಟ್‌ವರೆಗೆ ಸ್ಕೂಟರ್ ಓಡಿಸಿದ್ದೇವೆ. ಮನೆಯಲ್ಲೂ ತಟ್ಟೆ ಬಂದೊಡನೆ ಫೋಟೊ. "ಫೋನ್‌ಗೆ ನೈವೇದ್ಯ ಆಯ್ತಾ? ತಿನ್ನಿ ಇನ್ನು, ಆರಿಹೋಯ್ತು," ಎಂದು ಅಮ್ಮ ಅಣಕಿಸುತ್ತಿದ್ದಳು.

ಆ ಭಾನುವಾರ ಸಂಜೆ ಜಯನಗರದಲ್ಲಿ ಹೊಗೆ ಬಿಸ್ಕತ್ತಿನ ಗಾಡಿಯ ಮುಂದೆ ನಿಂತಿದ್ದೆವು. ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿರುವ ದ್ರವ ಸಾರಜನಕದಲ್ಲಿ, ಅಂದರೆ ಲಿಕ್ವಿಡ್ ನೈಟ್ರೋಜನ್‌ನಲ್ಲಿ, ಅದ್ದಿದ ಬಿಸ್ಕತ್ತುಗಳನ್ನು ಲೋಟದಲ್ಲಿ ಕೊಡುತ್ತಾರೆ. ತಿಂದರೆ ಮೂಗಿನಿಂದ ಬಿಳಿ ಹೊಗೆ.

"ಹೊಗೆ ಪೂರ್ತಿ ಹೋದ್ಮೇಲೆ ತಿನ್ನಿ ಮೇಡಂ," ಎಂದ ಗಾಡಿಯವನು.

"ಹೊಗೆ ಹೋದ್ಮೇಲೆ ಅದು ಬರೀ ಬಿಸ್ಕತ್ತು ಅಣ್ಣ," ಎಂದು ನಾನು ನಕ್ಕೆ.

ತಂಗಿ ಲೋಟದಲ್ಲಿ ಮೇಲಿದ್ದ ಬಿಸ್ಕತ್ತುಗಳನ್ನು ತಿಂದಳು. ಹೊಗೆ ಬರಲಿಲ್ಲ. ಆಗಲೇ ನಾನು ಇನ್ನೊಂದ್ಸಲ ಎಂದದ್ದು. "ತಳದಲ್ಲಿರೋದು ತಗೋ, ಚೆನ್ನಾಗಿ ನೆಂದಿರತ್ತೆ," ಎಂದೂ ಸೇರಿಸಿದೆ.

ಅವಳು ಅದನ್ನು ಕಡ್ಡಿಯಲ್ಲಿ ಎತ್ತಿ ತುಟಿಯ ಹತ್ತಿರ ತಂದಳು. ಅಲ್ಲೇ ನಿಲ್ಲಿಸಿದಳು. "ಇದೇ ಲಾಸ್ಟು. ನಿಂಗೆ ಅರ್ಧ ಬೇಡ್ವಾ?"

ಕಚ್ಚಿದರೆ ಎಂಜಲು, ಹಂಚುವುದಿದ್ದರೆ ಮೊದಲೇ ಮುರಿಯಬೇಕು. ಬಾಲ್ಯದಿಂದ ಅಮ್ಮ ಹೇಳಿ ಹೇಳಿ ನಮ್ಮ ಕೈಗಳಿಗೇ ಅಂಟಿದ ಅಭ್ಯಾಸ. ಅವಳು ಬಿಸ್ಕತ್ತನ್ನು ಬೆರಳಲ್ಲಿ ಹಿಡಿದು ಒತ್ತಿದಳು. ಕಲ್ಲಿನಂತಿದ್ದದ್ದು ತಟ್ಟನೆ ಮುರಿದು, ಒಳಗೆ ಹೀರಿಕೊಂಡಿದ್ದ ದ್ರವ ಬೆರಳ ಮೇಲೆ ಹರಿಯಿತು. "ಅಕ್ಕಾ!" ಎಂದು ಕಿರುಚಿದಳು. ಎರಡು ಬೆರಳು ಸುಣ್ಣದಂತೆ ಬೆಳ್ಳಗಾಗಿದ್ದವು.

"ಬೆರಳು ವಾಸಿಯಾಗತ್ತೆ, ಹೆದರಬೇಡಿ," ಎಂದರು ಆಸ್ಪತ್ರೆಯಲ್ಲಿ ಡಾಕ್ಟರು. "ಇದನ್ನ ನುಂಗಿದ್ದಿದ್ರೆ ಆ ಚಳಿಗೇ ಗಂಟಲು, ಹೊಟ್ಟೆ ಎಲ್ಲ ಸುಟ್ಟುಹೋಗ್ತಿತ್ತು." ನಾನು ತಂಗಿಯ ಇನ್ನೊಂದು ಕೈ ಹಿಡಿದುಕೊಂಡೆ.

ಮಾರನೆಯ ಮಧ್ಯಾಹ್ನ ಬಲಗೈಗೆ ಬ್ಯಾಂಡೇಜು ಹಾಕಿಕೊಂಡ ತಂಗಿಗೆ ಅಮ್ಮ ಮೊಸರನ್ನದ ತುತ್ತು ಕೊಡುತ್ತಿದ್ದಳು.

"ಅಕ್ಕ, ಆ ವಿಡಿಯೋ ಹಾಕಿದ್ಯಾ?"

"ಇಲ್ಲ ಕಣೇ."

"ಸದ್ಯ. ಕೋಳಿ ಥರ ಕಿರುಚಿದ್ದೀನಿ."

ಅಮ್ಮ ಇನ್ನೊಂದು ತುತ್ತಿಟ್ಟಳು. ನಾನು ತಂಗಿಯ ಗಂಟಲನ್ನೇ ನೋಡುತ್ತಿದ್ದೆ. ಅವಳು ಸಲೀಸಾಗಿ ನುಂಗಿ, ಬೀದಿಗೆ ಕೇಳುವಂತೆ ಕೂಗಿದಳು: "ಉಪ್ಪೇ ಇಲ್ಲಮ್ಮಾ ಇದಕ್ಕೆ!"

ಉಪ್ಪು ತರಲು ಎದ್ದೆ.