ಹಗ್ಗದ ಮೇಲೆ ಗೂರಲಜ್ಜನ ಪೈಪುಗಳು

ಲಾರಿಯ ಹೊಟ್ಟೆಯೊಳಗಿನ ಪೈಪುಗಳನ್ನು ಸೋಪು ಹಾಕಿ ತೊಳೆದು, ಕ್ಲಿಪ್ ಸಿಕ್ಕಿಸಿ, ಲಂಗ ಟವೆಲುಗಳ ನಡುವೆ ಬಿಸಿಲಿಗೆ ಒಣಹಾಕಿದ ಅತ್ತೆಯನ್ನು ನೀವೆಲ್ಲಾದರೂ ಕಂಡಿದ್ದೀರಾ? ದರ್ಜಿಯಮ್ಮ ಕಂಡಳು. ಅದೂ ಎಂಥ ದಿನ ಅಂತೀರಿ, ಅವಳ ಹೆವಿ ಲೈಸೆನ್ಸಿನ ಪರೀಕ್ಷೆಯ ದಿನ. ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದವಳು ಬ್ರಷ್ಷನ್ನು ಬಾಯಲ್ಲೇ ಮರೆತು ನಿಂತುಬಿಟ್ಟಳು. ಹೆಬ್ಬೆರಳಿನಷ್ಟು ದಪ್ಪದ್ದು, ಪೆನ್ಸಿಲಿನಷ್ಟು ಸಣ್ಣದ್ದು, ರಬ್ಬರಿನ ಪೈಪುಗಳೆಲ್ಲ ಮಿರಮಿರ ಮಿಂಚುತ್ತಾ ಗಾಳಿಗೆ ಓಲಾಡುತ್ತಿದ್ದವು.

ಮಿಂಚಿದ್ದೇನೋ ಸರಿ, ಅವುಗಳ ತುದಿಯ ದಾರಗಳೆಲ್ಲಿ? ಹಿಂದಿನ ಸಂಜೆ ಪೈಪುಗಳನ್ನು ಬಿಚ್ಚುವಾಗ ಅವಳ ಗಂಡ ಅವಳದೇ ಹೊಲಿಗೆ ಡಬ್ಬಿಯಿಂದ ಬಣ್ಣದ ದಾರ ಕದ್ದು, ಪೈಪಿನ ತುದಿಗೊಂದು, ಅದು ಕೂರುವ ಮೂತಿಗೊಂದು ಕಟ್ಟಿದ್ದ. ಕೆಂಪಿಗೆ ಕೆಂಪು, ಹಳದಿಗೆ ಹಳದಿ. ಮೆಕ್ಯಾನಿಕ್ ಆದಾಗಿನಿಂದ ಅವನು ಹೀಗೇ. ಯಾವುದು ಎಲ್ಲಿಗೆ ಎಂದು ತಲೆಯಲ್ಲಿ ಇಟ್ಟುಕೊಂಡವನೇ ಅಲ್ಲ.

"ಅತ್ತೆ, ದಾರ ಏನಾಯ್ತು?"

"ಎಲ್ಲ ಬಿಚ್ಚಿ ಉಂಡೆ ಸುತ್ತಿಟ್ಟಿದೀನಿ ಕಣೇ. ಅಷ್ಟೊಳ್ಳೆ ದಾರ ಯಾಕೆ ಹಾಳು ಮಾಡೋದು? ಇಂಜಿನ್ ಮೇಲಿದ್ದವನ್ನೂ ಕಿತ್ತು ಒರೆಸಿದೀನಿ. ಸಾಹೇಬರ ಮುಂದೆ ಗಲೀಜು ಗಾಡಿ ತಗೊಂಡು ಹೋಗ್ತೀಯಾ?"

ಅಷ್ಟರಲ್ಲಿ ಮೆಕ್ಯಾನಿಕ್ ಬಂದ. ಹಗ್ಗ ನೋಡಿದ, ಇಂಜಿನ್ ನೋಡಿದ, ಅಮ್ಮನನ್ನು ನೋಡಿದ. ಬೈಯಲೂ ಆಗದೆ ನುಂಗಲೂ ಆಗದೆ ಮೆಟ್ಟಿಲಲ್ಲಿ ತಲೆಯ ಮೇಲೆ ಕೈಹೊತ್ತು ಕೂತ.

ಈ ಲಾರಿ ಮಾವನದು. ಸಾಮಾನು ಸಾಗಿಸಿ ಸಾಗಿಸಿ ಮುದಿಯಾಗಿ, ಎಲ್ಲೋ ಗಾಳಿ ಎಳೆದುಕೊಂಡು ಸುಂಯ್ ಸುಂಯ್ ಅನ್ನುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಗೂರಲಜ್ಜ. ಮಾವ ಇದ್ದಷ್ಟು ದಿನ ಪಕ್ಕದ ಸೀಟು ಅತ್ತೆಯದು. ಆ ಸೀಟಿನ ಸ್ಪಂಜಿನಲ್ಲಿ ಅವರದೇ ಗುಣಿ ಬಿದ್ದಿತ್ತು. ಮಾವ ಹೋದ ಮೇಲೆ ಗೂರಲಜ್ಜ ಹಿತ್ತಲಲ್ಲಿ ಬಿದ್ದುಕೊಂಡ, ಅತ್ತೆ ಅಡುಗೆಮನೆ ಬಿಟ್ಟು ಅಲ್ಲಾಡಲಿಲ್ಲ. ಮಗ ಓಡಿಸಬಹುದಿತ್ತಲ್ಲ ಅಂತೀರೇನೋ. ಆ ಪುಣ್ಯಾತ್ಮ ಸ್ಪ್ಯಾನರ್ ಹಿಡಿದರೆ ಹುಲಿ. ಸ್ಟೀರಿಂಗ್ ಹಿಡಿದರೆ ಮೊದಲ ತಿರುವಿನಲ್ಲೇ ತಲೆಸುತ್ತು, ಎರಡನೆಯದರಲ್ಲಿ ವಾಂತಿ.

ಹಾಗಿರುವಾಗ ಒಂದು ದಿನ ದರ್ಜಿಯಮ್ಮ ಸೀಟಿಗೆ ಹೊಸ ಕವರ್ ಹೊಲಿಯಲು ಟೇಪು ಹಿಡಿದು ಲಾರಿ ಹತ್ತಿದಳು. ಅಳತೆ ತೆಗೆದದ್ದೂ ಆಯಿತು, ಇಳಿಯುವ ಮನಸ್ಸೇ ಬರಲಿಲ್ಲ. ಅಷ್ಟೆತ್ತರದಿಂದ ನೋಡಿದರೆ ಪಕ್ಕದ ಮನೆಯ ಕಾಂಪೌಂಡು, ಅದರಾಚೆಯ ರಸ್ತೆ, ರಸ್ತೆಯ ತುದಿ ಎಲ್ಲ ಕಾಣುತ್ತಿತ್ತು. ವರ್ಷಗಟ್ಟಲೆ ಬೇರೆಯವರ ರವಿಕೆಯ ತೋಳನ್ನೇ ನೋಡುತ್ತಾ ಕೂತವಳಿಗೆ ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟಂತಾಯಿತು. ಡ್ರೈವಿಂಗ್ ಕಲಿತಳು. ಕಲಿಸಿದವನು ಅವಳ ನಗು ತಡೆಯಲಾರದೆ ಕಿವಿಗೆ ಹತ್ತಿ ಇಟ್ಟುಕೊಂಡ ಎಂಬ ಸುದ್ದಿಯೂ ಇದೆ, ಸುಳ್ಳಿರಲಾರದು.

ಆದರೆ ಮೊದಲ ಸಲದ ಪರೀಕ್ಷೆಯಲ್ಲಿ ಗೂರಲಜ್ಜ ಕೈಕೊಟ್ಟ. ಬ್ರೇಕ್ ತುಳಿದರೆ ಬಂಡೆ ತುಳಿದ ಹಾಗೆ. ಗೆರೆ ದಾಟಿ, ಕಂಬಕ್ಕೆ ಮುತ್ತಿಟ್ಟು ನಿಂತಿದ್ದ. ಬ್ರೇಕಿಗೆ ಬಲ ಕೊಡುವುದು ವ್ಯಾಕ್ಯೂಮು. ಪಂಪು ಗಾಳಿ ಎಳೆಯಬೇಕು, ಪೈಪು ಸೀಳಿದ್ದರೆ ಎಳೆದದ್ದೆಲ್ಲ ದಂಡ. ಸೀಳಿದ್ದು ಯಾವುದೆಂದು ಹುಡುಕಲೆಂದೇ ಗಂಡ ಅವನ್ನು ಬಿಚ್ಚಿದ್ದು. "ಇನ್ನೊಂದು ಸಲ ನೋಡ್ತೀನಿ. ಈ ಸಲವೂ ಫೇಲಾದ್ರೆ ಗುಜರಿಗೆ ಹಾಕಿಬಿಡೋಣ," ಎಂದು ಸಿಟ್ಟಿನಲ್ಲಿ ಅವಳೇ ಅಂದಿದ್ದಳು. ಅಂದ ಮಾತು ಮನೆಯಲ್ಲಿ ಗಟ್ಟಿಯಾಗಿಬಿಟ್ಟಿತ್ತು. ಅದನ್ನು ಕೇಳಿಸಿಕೊಂಡಿದ್ದ ಅತ್ತೆ ಬೆಳಿಗ್ಗೆ ಬೇಗ ಎದ್ದು ಪೈಪು ತೊಳೆದರು, ಅಷ್ಟೆ.

"ರೀ, ಏಳಿ," ಎಂದಳು ದರ್ಜಿಯಮ್ಮ, ಬಾಯಿ ತೊಳೆದು. "ಬಿಚ್ಚಿದ ಅಂಗಿ ತಾನೇ, ಮತ್ತೆ ಜೋಡಿಸಿದರಾಯ್ತು."

"ಇದು ಅಂಗಿ ಅಲ್ಲ ಕಣೇ, ಇಂಜಿನ್ನು."

"ತೋಳು ಯಾವುದು, ಕಾಲರ್ ಯಾವುದು ಅಂತ ಮಡಿಕೆ ಹೇಳುತ್ತೆ. ನೋಡಿ ಇಲ್ಲಿ."

ನಿಜವೇ. ಹಳೆಯ ರಬ್ಬರು ತಾನು ಬಾಗಿ ಮಲಗಿದ್ದ ಬಾಗನ್ನು ಮರೆತಿರಲಿಲ್ಲ. ದಪ್ಪನೆಯದು ಪಂಪಿನಿಂದ ಎದ್ದು, ಸೈಲೆನ್ಸರಿನ ಬಿಸಿ ತಾಗದಂತೆ ಸುತ್ತಿ ಹೋಗಿ ತನ್ನ ಜಾಗದಲ್ಲಿ ತಾನೇ ಕೂತಿತು. ಸೀಳಿದ್ದ ಒಂದರ ಬದಲು ಗಂಡ ಹೊಸದು ಕತ್ತರಿಸಿಕೊಟ್ಟ. ಬ್ರೇಕಿನ ಪೈಪಿನ ನಡುವೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ವಾಲ್ವನ್ನು ಅವಳು ಬಾಯಲ್ಲಿ ಊದಿ, ತಿರುಗಿಸಿ ಊದಿ, ಸರಿಯಾಗಿ ಸಿಕ್ಕಿಸಿದಳು. ತುಟಿ ಸುತ್ತ ಕಪ್ಪು ಮೀಸೆ ಬಂತು. ಅತ್ತೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು.

ಉಳಿದದ್ದು ಕ್ಯಾಬಿನ್ನಿನೊಳಕ್ಕೆ ಹೋಗುವ ಎರಡು ಸಣ್ಣವು. ಒಂದು ವ್ಯಾಕ್ಯೂಮು ತೋರಿಸುವ ಮೀಟರಿನ ಮುಳ್ಳಿಗೆ, ಇನ್ನೊಂದು ಕೀಲಿಗೆ. ಕೀಲಿ ಆಫ್ ಮಾಡಿದಾಗ ಇಂಜಿನ್ನನ್ನು ನಿಲ್ಲಿಸುವುದು ಆ ಎರಡನೆಯದೇ. ಎರಡೂ ಒಂದೇ ದಪ್ಪ, ಒಂದೇ ಬಣ್ಣ, ಮಡಿಕೆಯೂ ಇಲ್ಲ. ಅತ್ತೆ ಡ್ರೈವರ್ ಸೀಟಿನಲ್ಲಿ ಕೂತು ಒಳಗಿನ ಬಾಯಿಗಳಿಗೆ ಒಂದೊಂದು ಬೆರಳು ಒತ್ತಿದರು. ದರ್ಜಿಯಮ್ಮ ಬಂಪರಿನ ಎದುರು ನಿಂತು, ತನ್ನ ಕಡೆಯ ಒಂದು ತುದಿಯನ್ನು ಬಾಯಿಗಿಟ್ಟು ಎಳೆದಳು.

"ಅಯ್ಯಯ್ಯೋ, ಬೆರಳು ಹೀರುತ್ತೆ ಕಣೇ," ಎಂದು ಅತ್ತೆ ಕಿಲಕಿಲ ನಕ್ಕರು.

"ಯಾವ ಬೆರಳು ಅತ್ತೆ?"

"ತಡಿಯೇ, ಇನ್ನೊಂದ್ಸಲ ಎಳಿ."

ಎಳೆದಳು. ಅತ್ತೆ ಇನ್ನೂ ಜೋರಾಗಿ ನಕ್ಕರು. ಮಾವ ಹೋದ ಮೇಲೆ ಆ ನಗು ಆ ಮನೆಯಲ್ಲಿ ಕೇಳಿದ್ದು ಅವತ್ತೇ. ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ಅಮ್ಮನನ್ನೇ ನೋಡಿದ. ದರ್ಜಿಯಮ್ಮನಿಗೂ ನಗು ಉಕ್ಕಿ ಬಂತು, ಗಂಡನಿಗೂ ತಗುಲಿತು. ಮೂವರೂ ಲಾರಿ ಹಿಡಿದುಕೊಂಡು ನಕ್ಕರು. ಬೇಕೆಂದೇ ಅವಳು ಒಮ್ಮೆ ಇದನ್ನು, ಒಮ್ಮೆ ಅದನ್ನು ಮತ್ತೊಂದೆರಡು ಸಲ ಎಳೆದಳು, ಯಾವಾಗ ಯಾವುದನ್ನು ಎಳೆದೆನೆಂಬ ಲೆಕ್ಕವೇ ತಪ್ಪಿತು.

"ಮೀಟರಿಂದು ಎಡಗಡೇದು," ಎಂದರು ಅತ್ತೆ ಕಣ್ಣೊರೆಸಿಕೊಂಡು. ದರ್ಜಿಯಮ್ಮ ತನ್ನ ಎಡಗಡೆಯದನ್ನೇ ಮೀಟರಿನ ಮೂತಿಗೆ ಸಿಕ್ಕಿಸಿದಳು. ಎದುರುಬದುರು ಇರುವವರ ಎಡ ಬೇರೆ ಬೇರೆ ಎಂದು ಆ ನಗುವಿನ ಅಮಲಿನಲ್ಲಿ ಯಾರಿಗೆ ಹೊಳೆಯಬೇಕು?

ಬ್ಯಾಟರಿ ನರಳಿ ನರಳಿ ಹೇಗೋ ಇಂಜಿನ್ನನ್ನು ಎಬ್ಬಿಸಿತು. ಸುಂಯ್ ಸದ್ದು ಇಲ್ಲವೇ ಇಲ್ಲ. ಬ್ರೇಕ್ ಬೆಣ್ಣೆ. ಗಂಡ ಖುಷಿಯಿಂದ ಕೀಲಿ ಆಫ್ ಮಾಡಿದ. ಗೂರಲಜ್ಜ ಓಡುತ್ತಲೇ ಇದ್ದ. ಕೀಲಿ ಕಿತ್ತು ಅಂಗೈಯಲ್ಲಿ ಹಿಡಿದ. ಗೂರಲಜ್ಜ ಅದನ್ನು ಕ್ಯಾರೇ ಅನ್ನಲಿಲ್ಲ.

"ಅದಲುಬದಲಾಗಿದೆ. ಬಿಚ್ಚಬೇಕು ಅಂದ್ರೆ ಫ್ಯಾನ್ ಪಕ್ಕ ಕೈ ಹಾಕ್ಬೇಕು, ಓಡೋ ಇಂಜಿನ್ನಿಗೆ ನಾನು ಕೈ ಹಾಕಲ್ಲ. ಹೆಂಗಾದ್ರೂ ನಿಲ್ಲಿಸಿದ್ರೆ ಈ ಬ್ಯಾಟರಿ ಮತ್ತೆ ಎಬ್ಬಿಸಲ್ಲ."

"ಹಾಗಾದ್ರೆ ಹೀಗೇ ಹೋಗ್ತೀನಿ. ಬ್ರೇಕ್ ಇದೆಯಲ್ಲ."

ಪರೀಕ್ಷೆಯ ಮೈದಾನದಲ್ಲಿ ಸಾಹೇಬರು ಅವಳ ಪಕ್ಕದಲ್ಲಿ ಕೂತರು. ತಿರುವು, ಏರು, ಹಿಮ್ಮುಖ, ಎಲ್ಲ ಸಲೀಸು. ಗೆರೆಯ ಮೇಲೆ ನಿಲ್ಲಿಸೆಂದರೆ ಗೆರೆಯ ಮೇಲೇ ನಿಲ್ಲಿಸಿದಳು, ಕಂಬ ಬಚಾವಾಯಿತು. ನಗು ಗಂಟಲಿಗೆ ಬಂದದ್ದನ್ನು ನುಂಗಿಕೊಂಡಳು.

"ಸರಿ, ಇಂಜಿನ್ ಆಫ್ ಮಾಡಿ ಇಳೀರಿ," ಎಂದರು ಸಾಹೇಬರು.

ಇಲ್ಲಿ ತಪ್ಪಿದರೆ ಗುಜರಿ, ಅತ್ತೆಯ ಗುಣಿ ಬಿದ್ದ ಸೀಟೂ ಗುಜರಿ. ಕೀಲಿ ತಿರುಗಿಸುವ ಶಾಸ್ತ್ರ ಮಾಡಿದಳು. ಆಮೇಲೆ ಬ್ರೇಕನ್ನು ಬಲವಾಗಿ ತುಳಿದು, ಟಾಪ್ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ಗೂರಲಜ್ಜ ಕಡೆಯ ಸಲ ಮೈಕೊಡವಿ, ಕೆಮ್ಮಿ, ಸುಮ್ಮನಾದ. ಗೆರೆಯಿಂದ ಒಂದು ಬೆರಳೂ ಮುಂದೆ ಹೋಗಲಿಲ್ಲ.

ಸಾಹೇಬರು ಬಿದ್ದುಹೋದ ಪೆನ್ನನ್ನು ಹುಡುಕಿಕೊಂಡರು. "ಏನಮ್ಮ ಇದು?"

"ಕೀಲಿ ಕೇಳಲ್ಲ ಸಾರ್. ನಮ್ಮತ್ತೆ ಪೈಪು ಒಗೆದುಬಿಟ್ರು."

ಅವರು ಕಿಟಕಿಯಿಂದ ತಲೆ ಹೊರಹಾಕಿ ಗೆರೆ ನೋಡಿದರು. "ಬ್ರೇಕಂತೂ ಚೆನ್ನಾಗಿದೆ," ಎಂದು ಸಹಿ ಹಾಕಿದರು. "ಪಾಸು. ಆದ್ರೆ ಕೀಲಿ ಸರಿ ಮಾಡಿಸಿ."

ಅಷ್ಟು ಓಡಿದ ಮೇಲೆ ಬ್ಯಾಟರಿಗೂ ಜೀವ ಬಂದಿತ್ತು, ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಮನೆಯ ಗೇಟಿನ ಮುಂದೆ ಗಂಡ ಸ್ಪ್ಯಾನರ್ ಹಿಡಿದು ಕಾದಿದ್ದ. ಹೆಂಡತಿಯ ಹಲ್ಲು ಕಂಡದ್ದೇ ಅವನಿಗೆ ಎಲ್ಲ ತಿಳಿಯಿತು. ಅತ್ತೆ ಮಾತ್ರ ಒಳ್ಳೆಯ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ನಿಂತಿದ್ದರು. ಯಾರನ್ನೂ ಕೇಳದೆ ಬಾಗಿಲು ತೆಗೆದು, ಹಳೆಯ ಅಭ್ಯಾಸದಂತೆ ಕಂಬಿ ಹಿಡಿದು ಹತ್ತಿ, ತಮ್ಮ ಗುಣಿಯಲ್ಲಿ ಕೂತರು.

"ನಿಲ್ಸೇ, ಪೈಪು ಬದಲಾಯಿಸ್ತೀನಿ," ಎಂದು ಗಂಡ ಕೂಗಿದ.

"ಕೀಲಿ ಕೇಳಲ್ವಲ್ಲ ರೀ," ಎಂದಳು ದರ್ಜಿಯಮ್ಮ. ಹೇಗೆ ನಿಲ್ಲಿಸಬೇಕೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

"ನಿಲ್ಸು ಅಂತ ನಾನೇನಾದ್ರೂ ಹೇಳಿದ್ನಾ?" ಎಂದರು ಅತ್ತೆ, ರಸ್ತೆಯ ಕಡೆ ನೋಡುತ್ತಾ. "ಹೊರಡು."

ಹೊರಟರು. ಡೀಸೆಲ್ ಮುಳ್ಳು ಕೆಳಗಿಳಿಯುವವರೆಗೂ ಇಬ್ಬರೂ ಮನೆಗೆ ಬರಲಿಲ್ಲ.