ಹದಿನೇಳನೆಯ ಸೆಲ್ಲಿನ ಕಾವಲು

ಮೂವತ್ತೊಂದು ವರ್ಷ ಲಿಫ್ಟುಗಳ ದುರಸ್ತಿಯಲ್ಲೇ ಕಳೆದ ನಮ್ಮ ನೆರೆಮನೆಯ ಮೇಸ್ತ್ರಿಗಳು ಸಂಶಯವನ್ನು ಅವಗುಣವೆಂದು ಎಂದೂ ಎಣಿಸಿದವರಲ್ಲ. ಬಿಗಿದ ಪ್ರತಿಯೊಂದು ಬೋಲ್ಟಿನ ಮೇಲೂ ಹೆಂಡತಿಯ ಉಗುರುಬಣ್ಣದಿಂದ ಕೆಂಪು ಗೆರೆ ಎಳೆಯುವುದು ಅವರ ಪದ್ಧತಿ. ಯಾರಾದರೂ ತಿರುಗಿಸಿದರೆ ಗೆರೆ ಒಡೆದು ಸಾಕ್ಷಿ ನುಡಿಯಬೇಕು. ನಿವೃತ್ತಿಯ ಬಳಿಕ ತಂದೆಯ ಕಾಲದ ಕಾರಿನ ಎಂಜಿನ್ ಕಳಚಿ, ಮನೆಯ ಗ್ಯಾರೇಜಿನಲ್ಲೇ ವಿದ್ಯುತ್ ಮೋಟಾರು ಕೂರಿಸಿದಾಗಲೂ ಆ ಪದ್ಧತಿ ತಪ್ಪಲಿಲ್ಲ.

ಬ್ಯಾಟರಿಗೆ ಬೇಕಾದ ಮೂವತ್ತೆರಡು ಸೆಲ್ಲುಗಳನ್ನು ತಂದುಕೊಟ್ಟವನು ಹೆಂಡತಿಯ ತಮ್ಮ, ಬ್ಯಾಟರಿ ಅಂಗಡಿಯವನು. ಒಮ್ಮೆ ಬಳಸಿದ್ದಾದರೂ ಅಳೆದು ಆರಿಸಿದ ಸರಕೆಂದು ಅವನು ಕೇಳದೆಯೇ ಹೇಳಿದ್ದ. ಕೇಳದೆ ಹೇಳಿದ್ದರಿಂದಲೇ ಇವರಿಗೆ ಅನುಮಾನ. ಕೈಗೆಟುಕುವಂತಿದ್ದ ಹದಿನೇಳನೆಯ ಸೆಲ್ಲಿಗೆ, ಕೆಂಪು ಅಂಕಿ ಬೆಳಗುವ ಪುಟ್ಟ ವೋಲ್ಟ್ ಮೀಟರೊಂದನ್ನು ಕಾವಲಿಗೆ ಜೋಡಿಸಿದರು.

ಮೂರು ವಾರ ದಿನವೂ ಬೆಳಿಗ್ಗೆ ಅಳೆದರು. ಉಳಿದ ಮೂವತ್ತೊಂದೂ ಸಮನಾಗಿ ನಿಂತಿದ್ದರೆ, ಹದಿನೇಳನೆಯದು ಮಾತ್ರ ಇಳಿಯುತ್ತಲೇ ಹೋಯಿತು.

ಭಾನುವಾರ ಬಂದ ಭಾವಮೈದುನನನ್ನು ಗ್ಯಾರೇಜಿನ ಹೊಸ್ತಿಲಲ್ಲೇ ತಡೆದರು.

"ಒಳ್ಳೇದು ತೆಗೆದು ಕೆಟ್ಟದ್ದು ಇಟ್ಟೆಯೇನಯ್ಯಾ?"

"ಗೆರೆ ಒಡೆದಿದೆಯಾ ನೋಡಿ, ಭಾವ!"

"ಒಡೆದಿಲ್ಲ. ಹಾಗಾದ್ರೆ ಮೊದಲೇ ಕೆಟ್ಟದ್ದು ಕೊಟ್ಟಿದ್ದೀಯ."

"ಒಡೆದ್ರೆ ಕಳ್ಳ, ಒಡೀದಿದ್ರೆ ಮೋಸಗಾರ! ಚೆನ್ನಾಗಿದೆ." ಭಾವನ ಹಿಂದೆ ನಿಂತಿದ್ದ ಅಕ್ಕನತ್ತ ತಿರುಗಿದ. "ನಾಳೆ ಎಲ್ಲಾ ವಾಪಸ್ ಒಯ್ತೀನಿ. ಅಕ್ಕಾ, ಇನ್ನು ನನ್ನ ನೋಡಬೇಕು ಅನ್ನಿಸಿದ್ರೆ ನೀನೇ ಬಾ. ಈ ಬಾಗಿಲು ನಾನು ತುಳಿಯಲ್ಲ."

ತಮ್ಮ ಹೋದ ಮೇಲೆ ಆಕೆ ಸೆಲ್ಲುಗಳ ಬಳಿ ಹೋಗಿ ಮೀಟರಿನತ್ತ ಬೆರಳು ತೋರಿಸಿದರು.

"ರೀ, ಈ ಕೆಂಪು ಅಂಕಿ ಹಗಲೂ ರಾತ್ರಿ ಉರಿಯುತ್ತಲ್ಲ, ಇದಕ್ಕೆ ಊಟ ಹಾಕೋರು ಯಾರು?"

ಮೇಸ್ತ್ರಿಗಳು ಮೀಟರಿನ ತಂತಿಯನ್ನು ಬೆರಳಿನಿಂದ ಹಿಂಬಾಲಿಸಿದರು; ಅದು ಹದಿನೇಳನೆಯ ಸೆಲ್ಲಿನಿಂದಲೇ ವಿದ್ಯುತ್ತು ಹೀರುತ್ತಿತ್ತು. ಲಿಫ್ಟಿಗೆ ವಿದ್ಯುತ್ತು ಕಟ್ಟಡದಿಂದಲೇ ಹರಿದುಬರುತ್ತಿತ್ತು. ಕಾವಲಿನ ಮೀಟರಿಗೂ ಹಸಿವುಂಟೆಂದು ಯೋಚಿಸುವ ಪ್ರಸಂಗ ಅವರ ವೃತ್ತಿಯಲ್ಲಿ ಒದಗಿರಲೇ ಇಲ್ಲ. ತಾವೇ ಎಳೆದ ಗೆರೆಯನ್ನು ಒಡೆದು, ಬೋಲ್ಟು ಸಡಿಲಿಸಿ ಮೀಟರಿನ ತಂತಿ ಬಿಡಿಸಿದರು. ಮರುದಿನ ಬೆಳಿಗ್ಗೆ ಅಳೆದಾಗ ಹದಿನೇಳನೆಯದು ಇದ್ದಲ್ಲೇ ನಿಂತಿತ್ತು.

ಖಾಲಿ ಪೆಟ್ಟಿಗೆ ಹಿಡಿದು ಬಂದ ಭಾವಮೈದುನನ ಅಂಗೈಗೆ ಮೀಟರನ್ನಿಟ್ಟರು.

"ಏನಿದು?"

"ಕಳ್ಳ. ನಾನೇ ಕರೆದು ಕೂರಿಸಿದ್ದೆ. ತಪ್ಪಾಯ್ತಪ್ಪ."

ಅವನು ಅಕ್ಕನ ಮುಖ ನೋಡಿದ, ಪೆಟ್ಟಿಗೆಯನ್ನು ಕೆಳಗಿಟ್ಟ. "ಮುಂದಿನ ಸಲ ನನ್ನ ಹಣೆಗೂ ಒಂದು ಗೆರೆ ಎಳೆದುಬಿಡಿ, ಭಾವ."

ಬೋಲ್ಟನ್ನು ಮತ್ತೆ ಬಿಗಿದಾದ ಮೇಲೆ ಮೇಸ್ತ್ರಿಗಳು ಉಗುರುಬಣ್ಣದ ಶೀಶೆಯನ್ನು ಅವನತ್ತ ಚಾಚಿದರು. "ಇದೊಂದು ನೀನೇ ಎಳಿ."

ಎಳೆದ. ಗೆರೆ ಅಂಚನ್ನು ಮುಟ್ಟಿದೆಯೇ ಎಂದು ಮಾತ್ರ, ಕನ್ನಡಕ ಸರಿಪಡಿಸಿಕೊಂಡು, ಮೇಸ್ತ್ರಿಗಳು ಒಮ್ಮೆ ಬಗ್ಗಿ ನೋಡಿದರು.