ಕಚ್ಚದ ಚಪ್ಪಲಿ

ಎದುರಿಗೆ ಯಾರಾದರೂ ಬಂದರೆ ಲೋಕದ ಜನ ಮೊದಲು ಮುಖ ನೋಡುತ್ತಾರೆ. ನಾನು ಕಾಲು ನೋಡುತ್ತೇನೆ. ನಮ್ಮ ಹೆಡ್‌ಮಾಸ್ತರರು ಇದನ್ನು ಬಹಳ ದಿನ ವಿನಯವೆಂದೇ ತಿಳಿದಿದ್ದರು. ಕನ್ಯೆ ನೋಡಲು ಹೋದಾಗಲೂ ಹೀಗೇ ಆಯಿತು. ಹುಡುಗ ಒಂದು ಸಲವೂ ತಲೆ ಎತ್ತಲಿಲ್ಲ, ಬಹಳ ಸಂಭಾವಿತ ಎಂದು ಹೆಣ್ಣಿನ ಕಡೆಯವರು ಒಳಗೊಳಗೇ ಮೆಚ್ಚಿಕೊಂಡರಂತೆ. ನಾನು ನೋಡುತ್ತಿದ್ದದ್ದು ಮುಂದೆ ಮಾವನಾಗಲಿದ್ದವರ ಚಪ್ಪಲಿಗಳನ್ನು. ಹೊಸ್ತಿಲ ಆಚೆ ಬಿಟ್ಟಿದ್ದ ಅವು ಅಥಣಿಯವು. ಅಗಲವಾದ ಪಟ್ಟಿ, ಎರಡೂ ಬದಿಗೆ ಕಿವಿಯಂತೆ ಚಾಚಿದ ಚರ್ಮ, ಹೆಬ್ಬೆರಳಿಗೆ ಚರ್ಮದ ಉಂಗುರ. ಇಂಥ ಚಪ್ಪಲಿ ಮೆಟ್ಟುವ ಮನುಷ್ಯನ ಮಗಳು ಕೆಟ್ಟವಳಿರಲಿಕ್ಕಿಲ್ಲ ಎಂದು ಒಪ್ಪಿಬಿಟ್ಟೆ. ಮದುವೆಯಾದ ಮೇಲೆ ಸಲಿಗೆಯಿಂದ ಈ ಸಂಗತಿ ಹೆಂಡತಿಗೆ ಹೇಳಿದೆ. ಆಕೆ ಇನ್ನೂ ಮರೆತಿಲ್ಲ.

ಕೊಲ್ಹಾಪುರದ ಹೆಸರಿನಲ್ಲಿ ದೇಶವೆಲ್ಲ ಮೆಟ್ಟುವ ಚಪ್ಪಲಿಗಳಲ್ಲಿ ಎಷ್ಟೋ ನಮ್ಮ ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಹುಟ್ಟಿದವು. ಕೂಸು ನಮ್ಮದು, ಹೆಸರಿಟ್ಟವರು ಮಾತ್ರ ಗಡಿಯ ಆಚೆಯವರು. ಈ ಮಾತನ್ನು ಯಾರಾದರೂ ಕೇಳಲಿ ಬಿಡಲಿ, ಹೇಳದಿದ್ದರೆ ನನಗೆ ಊಟ ಮೈಗೆ ಹತ್ತುವುದಿಲ್ಲ. ಈ ಹುಚ್ಚು ಹತ್ತಿದವನಿಗೆ ಗುಡಿಗೆ ಹೋದರೂ ಸುಖವಿಲ್ಲ. ದೇಹ ಒಳಗೆ ಕೈ ಮುಗಿಯುತ್ತಿದ್ದರೆ ಮನಸ್ಸು ಬಾಗಿಲಲ್ಲಿ ಬಿಟ್ಟ ಜೋಡಿನ ಸುತ್ತ ಪ್ರದಕ್ಷಿಣೆ ಹಾಕುತ್ತಿರುತ್ತದೆ. ಮದುವೆ ಮನೆಯಲ್ಲಿ ಒಂದನ್ನು ಈ ಮೂಲೆಗೆ, ಇನ್ನೊಂದನ್ನು ಆ ಮೂಲೆಗೆ ಬಿಟ್ಟು ಊಟಕ್ಕೆ ಕೂರುವುದು ನಮಗೆಲ್ಲ ರೂಢಿ. ಒಮ್ಮೆ ರಾಯಬಾಗದಲ್ಲಿ ಹೀಗೆ ಬಿಟ್ಟವನು ಎರಡನೆಯದನ್ನು ಎಲ್ಲಿ ಬಿಟ್ಟೆನೆಂದು ನಾನೇ ಮರೆತು, ಒಂದೇ ಕಾಲಿಗೆ ಮೆಟ್ಟಿಕೊಂಡು ಚಿಕ್ಕೋಡಿ ಬಸ್ಸು ಹತ್ತಿ ಬಂದೆ. ಬಸ್ಸಿನವರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಚಿಕ್ಕೋಡಿಯಲ್ಲಿ ಇಂಥವರು ನಾವು ನಾಲ್ಕು ಜನ ಒಂದೆಡೆ ಸೇರುತ್ತಿದ್ದೆವು. ಸೇರುತ್ತಿದ್ದದ್ದು ದಸ್ತಗೀರಭಾಯಿಯ ಟೇಲರ್ ಅಂಗಡಿಯಲ್ಲಿ. ಭಾಯಿ ಸ್ವತಃ ಹೊಲಿಗೆ ಬಲ್ಲವರಾದ್ದರಿಂದ ಚಪ್ಪಲಿಯ ಹೊಲಿಗೆಯ ಮೇಲೆ ಅವರದೇ ಕೊನೆಯ ಮಾತು. ಕರೋಶಿಯಿಂದ ಸಂತೆಗೆ ಬರುತ್ತಿದ್ದ ರಾವಸಾಹೇಬ ಕಬ್ಬು ಬೆಳೆಯುವವನು, ಗಾಣ ನಡೆಯುವ ಕಾಲದಲ್ಲಿ ನಮಗೆಲ್ಲ ಬೆಲ್ಲ ತರುವವನು. ಮೂರನೆಯವನು ಹೈಸ್ಕೂಲ್ ಮಾಸ್ತರನಾದ ನಾನು. ನಾಲ್ಕನೆಯವರು, ನಮಗೆಲ್ಲ ಗುರುಸ್ಥಾನದಲ್ಲಿದ್ದವರು, ಅಪ್ಪಾಸಾಬ ಕಾಕಾ. ಬಸ್ ಕಂಡಕ್ಟರರಾಗಿ ನಿವೃತ್ತರಾದವರು. ಅಥಣಿ, ಕಾಗವಾಡ, ನಿಪ್ಪಾಣಿ ಎಂದು ಅವರು ತಿರುಗದ ದಾರಿಯಿರಲಿಲ್ಲ, ಪರಿಚಯವಿಲ್ಲದ ಚಪ್ಪಲಿಯ ಮನೆಯಿರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹೊಸ ಜೋಡು ಕೊಂಡವನು ಅದನ್ನು ಕಾಗದದಲ್ಲಿ ಸುತ್ತಿ ತರುವಂತಿಲ್ಲ, ಮೆಟ್ಟಿಕೊಂಡೇ ಬರಬೇಕು. ಬರುವಾಗ ಅದು ಕಿರ್ರೆನ್ನುವ ಸದ್ದು ದೂರದಿಂದಲೇ ಕೇಳಬೇಕು. ಆ ಸದ್ದಿಗೆಂದೇ ಎರಡು ಪದರಿನ ನಡುವೆ ಅದೇನೋ ಬೀಜ ಇಡುತ್ತಾರಂತೆ. ಅಂಗಡಿಯ ಮೆಟ್ಟಿಲ ಮೇಲೆ ಬಿಚ್ಚಿ, ಕೈಯಲ್ಲಿ ಎತ್ತಿಕೊಂಡು, ಬರಿಗಾಲಲ್ಲಿ ಒಳಗೆ ಬಂದು, ಭಾಯಿ ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಪೇಪರು ಹಾಸಿ ಇಡಬೇಕು. ಅದೇ ಹಲಗೆಯ ಮೇಲೆ ತನ್ನ ಮದುವೆಯ ಸಫಾರಿ ಬಟ್ಟೆಯ ಪಕ್ಕ ನಾಲ್ಕು ಚಪ್ಪಲಿ ಕಂಡ ಗಿರಾಕಿಯೊಬ್ಬ ಮತ್ತೆ ಆ ಅಂಗಡಿಯ ಕಡೆ ಸುಳಿಯಲಿಲ್ಲ. ನಮಗೆ ಅವನ ಮೇಲೆ ಕನಿಕರವಾಯಿತು, ಎಂಥ ಮಾಲು ಕಣ್ಣೆದುರಿಗಿದ್ದರೂ ನೋಡದೆ ಹೋದನಲ್ಲ ಎಂದು.

ಮೊದಲ ಪ್ರಶ್ನೆ ಎಲ್ಲಿ ತಗೊಂಡ್ರಿ ಎಂಬುದು. ಬೆಲೆ ಕೇಳುವಂತಿಲ್ಲ, ಅದು ಹೆಂಡತಿಯರು ಕೇಳುವ ಪ್ರಶ್ನೆ. ಆಮೇಲೆ ಜೋಡು ಕೈಯಿಂದ ಕೈಗೆ ಹೋಗುತ್ತದೆ. ಮೂಸುತ್ತೇವೆ, ಬಾಗಿಸುತ್ತೇವೆ, ಹೆಣಿಗೆಯ ಮೇಲೆ ಬೆರಳಾಡಿಸುತ್ತೇವೆ, ಅಂಗಾಲು ಕೂರುವ ಜಾಗವನ್ನು ಅಂಗೈಯಿಂದ ಸವರುತ್ತೇವೆ. ಎಲ್ಲ ಮುಗಿದ ಮೇಲೆ ಕೊನೆಯ ಪ್ರಶ್ನೆ, ಕಚ್ಚತೈತೇನು?

ಹೊಸ ಚಪ್ಪಲಿ ಕಚ್ಚುತ್ತದೆ ಎಂದು ಮೊದಲು ಹೇಳಿದವನಿಗೆ ನಾನು ಕೈ ಮುಗಿಯುತ್ತೇನೆ. ಸತ್ತ ಎಮ್ಮೆಯ ಚರ್ಮಕ್ಕೆ ಹಲ್ಲು ಕೊಟ್ಟ ಮಹಾನುಭಾವ ಅವನು. ಕನ್ನಡದಲ್ಲೂ ಅದು ಕಚ್ಚುತ್ತದೆ, ಮರಾಠಿಯಲ್ಲೂ ಕಚ್ಚುತ್ತದೆ. ಗಡಿಯ ಎರಡೂ ಕಡೆಯವರು ತಕರಾರಿಲ್ಲದೆ ಒಪ್ಪುವ ಸಂಗತಿಗಳು ಕೆಲವೇ, ಅದರಲ್ಲಿ ಇದೊಂದು. ಕಚ್ಚದಂತೆ ಮಾಡಲು ನಾವು ಪಡುತ್ತಿದ್ದ ಪಾಡು ಒಂದೆರಡಲ್ಲ. ನಾನು ಹರಳೆಣ್ಣೆ ಹಚ್ಚಿ ಮನೆಯೊಳಗೆ ಅಡ್ಡಾಡಿ, ನೆಲವೆಲ್ಲ ಜಿಡ್ಡಾಗಿ, ಹೆಂಡತಿ ಜಾರಿ ಬಿದ್ದು, ಎರಡು ದಿನ ಹೋಟೆಲ್ಲಿನಲ್ಲಿ ಉಂಡಿದ್ದೇನೆ. ರಾವಸಾಹೇಬ ಹೊಸ ಜೋಡನ್ನು ಪಳಗಿಸಲು ತಮ್ಮನ ಕಾಲಿಗೆ ಕೊಡುತ್ತಿದ್ದ. ತಮ್ಮನ ಪಾದ ಇವನದಕ್ಕಿಂತ ದೊಡ್ಡದು. ಚಪ್ಪಲಿ ಚೆನ್ನಾಗಿಯೇ ಪಳಗುತ್ತಿತ್ತು, ಆದರೆ ತಮ್ಮನಿಗೆ.

ಕಾಕಾನಿಗೆ ಮಾತ್ರ ಕಚ್ಚುತ್ತಿರಲಿಲ್ಲ. ಮೊದಲೆಲ್ಲ ಅವರಿಗೂ ಕಚ್ಚುತ್ತಿತ್ತಂತೆ, ಅವರೇ ಹೇಳಿದ್ದರು. ಆದರೆ ಈಚಿನ ಎರಡು ಮೂರು ವರ್ಷಗಳಿಂದ ಎಂಥ ಬಿರುಸು ಚರ್ಮವಿರಲಿ, ಅಂಗಡಿಯಲ್ಲಿ ಮೆಟ್ಟಿದವರು ಹಾಗೇ ಊರು ಸುತ್ತಿ ಬರುತ್ತಿದ್ದರು. ನಾವು ಕುಂಟುತ್ತ ಹಿಂದೆ ಹೋಗುತ್ತಿದ್ದೆವು. ಕಚ್ಚತೈತೇನು ಎಂದು ಕೇಳಿದರೆ ಕಾಕಾ ಸಣ್ಣಗೆ ನಗುತ್ತಿದ್ದರು. ಚಪ್ಪಲಿಯನ್ನು ನಾವು ಆರಿಸಬಾರದು, ಅದು ನಮ್ಮನ್ನು ಒಪ್ಪುವ ತನಕ ಕಾಯಬೇಕು ಎನ್ನುತ್ತಿದ್ದರು. ನನಗೆ ಇದು ಉಪನಿಷತ್ತಿನ ಮಾತಿನಂತೆ ಕೇಳುತ್ತಿತ್ತು. ಜೀವಮಾನವಿಡೀ ಬಸ್ಸಿನಲ್ಲಿ ನಿಂತು ಪಾದ ಗಟ್ಟಿಯಾಗಿದೆ ಎಂದು ರಾವಸಾಹೇಬ, ಕಣ್ಣಲ್ಲೇ ಅಳತೆ ಹಿಡಿಯುವ ವಿದ್ಯೆ ಎಂದು ಭಾಯಿ. ಆ ವಿದ್ಯೆ ನಮಗೂ ಸ್ವಲ್ಪ ಹತ್ತಲಿ ಎಂದು ಅಥಣಿಗೆ ಹೋಗುವಾಗ ಅವರನ್ನು ಮುಂದೆ ಮಾಡಿಕೊಂಡು ಹೋಗುತ್ತಿದ್ದೆವು. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆಲ್ಲ ಗೊತ್ತಿತ್ತು. ಚಹಾಕ್ಕೆ ಸಕ್ಕರೆ ಬೇಡವೆಂದು ಗಟ್ಟಿಯಾಗಿ ಹೇಳಿ, ರಾವಸಾಹೇಬ ತಂದ ಬೆಲ್ಲದ ಹೆಂಟೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೆಲ್ಲ ಬೇರೆ, ಸಕ್ಕರೆ ಬೇರೆ ಎಂಬ ವಾದವನ್ನು ಈ ಕಬ್ಬಿನ ನಾಡಿನಲ್ಲಿ ಯಾರೂ ಅಲ್ಲಗಳೆಯುವುದಿಲ್ಲ.

ಒಂದು ಸಂತೆಯ ದಿನ ಕಾಕಾ ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಥಣಿಯಲ್ಲಿ ಹೇಳಿ ಮಾಡಿಸಿದ ಜೋಡು. ಬಸ್‌ಸ್ಟ್ಯಾಂಡಿನಿಂದ ಅದರ ಸದ್ದು ಹತ್ತಿರವಾಗುತ್ತಿದ್ದಂತೆ ಭಾಯಿ ಮಷೀನು ನಿಲ್ಲಿಸಿದರು. ಕಾಕಾ ಮೆಟ್ಟಿಲ ಮೇಲೆ ಬಿಚ್ಚಿದರು, ಎತ್ತಿದರು, ಒಳಗೆ ಬಂದರು, ಹಲಗೆಯ ಮೇಲೆ ಇಟ್ಟರು. ನಾವು ಮೂವರೂ ಹಲಗೆಯ ಮೇಲೆ ಬಗ್ಗಿದೆವು. ಅಂಥ ಹೆಣಿಗೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಎಡಗಾಲಿನದು ಮೊದಲು ರಾವಸಾಹೇಬನ ಕೈಗೆ ಹೋಯಿತು. ಅವನು ಉಂಗುರದ ಹತ್ತಿರ ಸವರಿ, ಎಣ್ಣೆ ಜಾಸ್ತಿಯಾಯಿತು, ಇನ್ನೂ ಹಸಿ ಇದೆ ಎಂದ. ಭಾಯಿ ಇಸಿದುಕೊಂಡು ನೋಡಿ, ಇದು ಎಣ್ಣೆಯಲ್ಲ, ಚರ್ಮ ಹದ ಮಾಡುವಾಗ ಹಾಕಿದ ಅಳಲೆಕಾಯಿಯ ಬಣ್ಣ ಬಿಡುತ್ತಿದೆ ಎಂದರು. ಹಾಗೆಂದರೆ ಹದ ಸರಿಯಾಗಿಲ್ಲ ಎಂದರ್ಥ. ಕಾಕಾನ ಮುಖ ಸಣ್ಣದಾಯಿತು. ವಿದ್ಯಾವಂತನೆಂದು ನನ್ನ ಕೈಗೆ ಕೊಟ್ಟರು. ನಾನು ತೋರುಬೆರಳಿಂದ ಒತ್ತಿ, ಹೆಬ್ಬೆರಳಿಗೆ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಯೋಚಿಸಿದೆ. ಅಳಲೆಕಾಯಿಯೋ, ಹರಳೆಣ್ಣೆಯೋ, ಶೇಂಗಾ ಎಣ್ಣೆಯೋ ಎಂದು ನಾವು ಮೂವರೂ ಒಂದು ಚಹಾ ಮುಗಿಯುವಷ್ಟು ಹೊತ್ತು ಚರ್ಚೆ ಮಾಡಿದೆವು.

ಕಾಕಾ ಬಲಗಾಲಿನದನ್ನು ಕೈಯಲ್ಲಿ ಹಿಡಿದುಕೊಂಡು ಬೇಸರದಿಂದ ಹೇಳಿದರು, "ನಾ ಇನ್ನೂ ಎಣ್ಣೀನ ಹಚ್ಚಿಲ್ರಿ."

ನನ್ನ ಬೆರಳು ಕೆಂಪಗಿತ್ತು. ಹಾಸಿದ ಪೇಪರು ಕೆಂಪಗಿತ್ತು. ಭಾಯಿ ನೆಲ ನೋಡಿದರು, ನಾವೂ ನೋಡಿದೆವು. ಮೆಟ್ಟಿಲಿನಿಂದ ಹಲಗೆಯವರೆಗೆ, ದಾರದ ತುಂಡುಗಳ ನಡುವೆ, ಎಡಗಾಲು ಊರಿದ ಕಡೆಗೆಲ್ಲ ಒಂದೊಂದು ಕೆಂಪು ಗುರುತು. ರಕ್ತವನ್ನು ಮೂಸಿ ನೋಡಿ ಶೇಂಗಾ ಎಣ್ಣೆ ಎನ್ನಲು ಬಾಯಿ ತೆರೆದಿದ್ದೆನಲ್ಲ ಎಂದು ಈಗಲೂ ಮೈ ಜುಮ್ಮೆನ್ನುತ್ತದೆ.

"ಕಾಕಾ, ಕಾಲ ನೋಡ್ಕೋರಿ," ಎಂದರು ಭಾಯಿ.

ಕಾಕಾ ಮೊದಲು ಬಲಗಾಲು ನೋಡಿಕೊಂಡರು. ಆಮೇಲೆ ಎಡಗಾಲು. ಉಂಗುರ ಹೆಬ್ಬೆರಳ ಚರ್ಮವನ್ನು ತಿಂದು ಒಳಗಿನ ಮಾಂಸಕ್ಕೆ ಇಳಿದಿತ್ತು. ಅವರು ನೋವಿನಿಂದ ಮುಖ ಹಿಂಡಲಿಲ್ಲ, ಹಾ ಎನ್ನಲಿಲ್ಲ. ಬೇರೆ ಯಾರದೋ ವಸ್ತುವನ್ನು ನೋಡುವಂತೆ ನೋಡಿ, "ಇದು ನಂದ ರಕ್ತ ಏನ್ರಿ?" ಎಂದು ನಮ್ಮನ್ನೇ ಕೇಳಿದರು.

ಅವತ್ತೇ ಮಿರಜದ ದವಾಖಾನೆಗೆ ಕರೆದೊಯ್ದೆವು. ಡಾಕ್ಟರು ಕಾಕಾನನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ನೈಲಾನಿನ ದಾರದಂಥದ್ದೊಂದನ್ನು ತಗೊಂಡು ಎರಡೂ ಅಂಗಾಲಿಗೆ ಅಲ್ಲಲ್ಲಿ ಚುಚ್ಚುತ್ತ ಹೋದರು. ಮುಟ್ಟಿದಾಗೆಲ್ಲ ಹೇಳಬೇಕು ಎಂದಿದ್ದರು. ಕಾಕಾ ವಿಧೇಯ ವಿದ್ಯಾರ್ಥಿಯಂತೆ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದರು. ಡಾಕ್ಟರು ದಾರವನ್ನು ಟೇಬಲ್ಲಿನ ಮೇಲಿಟ್ಟು ಕೈ ತೊಳೆಯಲು ಎದ್ದರು. ಆಗ ಕಾಕಾ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಯಾವಾಗ ಚಾಲೂ ಮಾಡ್ತೀರಿ ಸಾಹೇಬ್ರ?"

ರಾವಸಾಹೇಬ ಹೊರಗೆ ಎದ್ದು ಹೋದ. ಎರಡು ಮೂರು ವರ್ಷ ನಾವು ವಿದ್ಯೆ ಎಂದು ಕೊಂಡಾಡಿದ್ದು, ಬೆನ್ನು ಹತ್ತಿ ಕಲಿಯಲು ಹೋದದ್ದು ಇದನ್ನೇ. ಸಕ್ಕರೆ ಕಾಯಿಲೆ ಸದ್ದಿಲ್ಲದೆ ಅವರ ಪಾದದ ಅರಿವನ್ನು ತಿಂದುಹಾಕಿತ್ತು. ಚಪ್ಪಲಿಗಳು ಎಲ್ಲರಿಗೂ ಕಚ್ಚಿದಂತೆ ಅವರಿಗೂ ಕಚ್ಚುತ್ತಲೇ ಇದ್ದವು. ಹೇಳಬೇಕಾದ ಕಾಲು ಮಾತ್ರ ಸುಮ್ಮನಿತ್ತು.

ಗಾಯ ಹಳೆಯದು, ಒಳಗೇ ಕೊಳೆತು ಎಲುಬಿಗೆ ಇಳಿದಿದೆ, ಹೆಬ್ಬೆರಳು ಉಳಿಯುವುದಿಲ್ಲ, ತಡಮಾಡಿದರೆ ಪಾದವೂ ಉಳಿಯುವುದಿಲ್ಲ ಎಂದರು ಡಾಕ್ಟರು. ನಾವೆಲ್ಲ ಅವರ ಪಾದಕ್ಕಾಗಿ ಹೆದರುತ್ತಿದ್ದರೆ ಕಾಕಾನ ಚಿಂತೆಯೇ ಬೇರೆ. ಆಪರೇಷನ್ನಿನ ಹಿಂದಿನ ದಿನ ನನ್ನ ಕೈ ಹಿಡಿದು, "ಹೆಬ್ಬಟ್ಟ ಹೋದ್ರ ಉಂಗರದಾಗ ಏನ ಹಾಕ್ಲಿ ಮಾಸ್ತರ್?" ಎಂದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಅವರ ಮಂಚದ ಕೆಳಗೆ ನೋಡುತ್ತ ನಿಂತೆ. ಅಲ್ಲಿ ದವಾಖಾನೆಯ ರಬ್ಬರು ಚಪ್ಪಲಿ ಇತ್ತು.

ಹೆಬ್ಬೆರಳು ಹೋಯಿತು, ಪಾದ ಉಳಿಯಿತು. ಹಲವು ತಿಂಗಳು ಕಾಕಾ ಅಂಗಡಿಯ ಕಡೆ ಬರಲಿಲ್ಲ. ಯಾವ ಮುಖದಿಂದ ಬರಲಿ ಎನ್ನುತ್ತಿದ್ದರಂತೆ. ನಮ್ಮಲ್ಲಿ ಮುಖ ನೋಡುವವರು ಯಾರಿದ್ದಾರೆ ಎಂದು ಹೇಳಿ ಕಳಿಸಿದೆ. ಕೊನೆಗೆ ಒಂದು ಸಂತೆಯ ದಿನ ಬಂದರು. ಸದ್ದೇ ಇಲ್ಲ, ಬಂದು ನಿಂತ ಮೇಲೆಯೇ ಗೊತ್ತಾದದ್ದು. ಕಾಲಿನಲ್ಲಿ ಡಾಕ್ಟರು ಬರೆದುಕೊಟ್ಟ ಮೆತ್ತನೆಯ ಕರಿ ರಬ್ಬರಿನ ಚಪ್ಪಲಿ, ಹಿಮ್ಮಡಿಗೆ ಪಟ್ಟಿ. ಮೆಟ್ಟಿಲ ಮೇಲೆ ಬಿಚ್ಚಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿದ್ದರು. ಭಾಯಿ ಮಷೀನು ನಿಲ್ಲಿಸಿ, ಹಲಗೆಯ ಮೇಲೆ ಪೇಪರು ಹಾಸಿದರು. ಕಾಕಾನನ್ನು ಕುರ್ಚಿಯಲ್ಲಿ ಕೂರಿಸಿ, ಬರಿಗಾಲು ನೆಲಕ್ಕೆ ತಾಗಬಾರದೆಂದು ಕಾಲ ಕೆಳಗೆ ಹೊಸ ಬಟ್ಟೆಯನ್ನೇ ಮಡಚಿ ಹಾಕಿ, ಚಪ್ಪಲಿಯನ್ನು ತಾವೇ ಎತ್ತಿ ಹಲಗೆಯ ಮೇಲಿಟ್ಟರು.

"ಎಲ್ಲಿ ತಗೊಂಡ್ರಿ?"

ಕಾಕಾ ಒಂದು ಕ್ಷಣ ಭಾಯಿಯ ಮುಖ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಮಿರಜದ ಆ ಅಂಗಡಿ, ಅಲ್ಲಿ ಕಾಲಿನ ಅಚ್ಚು ತೆಗೆದ ಬಗೆ, ಎಲ್ಲ ಹೇಳತೊಡಗಿದರು. ಜೋಡು ಕೈಯಿಂದ ಕೈಗೆ ಹೋಯಿತು. ನಾವು ಮೂಸಿದೆವು, ಸೈಕಲ್ ಟ್ಯೂಬಿನ ವಾಸನೆ. ಬಾಗಿಸಿದೆವು, ಸವರಿದೆವು, ಹೊಲಿಗೆಯ ಮೇಲೆ ಭಾಯಿ ಅಭಿಪ್ರಾಯ ಕೊಟ್ಟರು. ಕೊನೆಯ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಈಗ ಎಲ್ಲರ ಕೈಗೂ ಫೋನು ಬಂದು, ನಮ್ಮ ಗುಂಪು ಅದರೊಳಗೂ ಸೇರಿಕೊಂಡಿದೆ. ಕೊಂಡ ಜೋಡಿನ ಫೋಟೊ ಅಲ್ಲಿಗೇ ಬೀಳುತ್ತದೆ. ಆದರೆ ಕಾಕಾ ಒಂದು ಕಾಯಿದೆ ಮಾಡಿದ್ದಾರೆ. ಚಪ್ಪಲಿಯ ಜೊತೆಗೆ ಎರಡೂ ಅಂಗಾಲಿನ ಫೋಟೊ ಹಾಕಬೇಕು, ಇಲ್ಲದಿದ್ದರೆ ಹೊಗಳಿಕೆ ಇಲ್ಲ. ಒಮ್ಮೆ ನನ್ನ ಫೋನು ತೆರೆದ ಹೆಂಡತಿ ಸಾಲು ಸಾಲು ಗಂಡಸರ ಅಂಗಾಲುಗಳನ್ನು ಕಂಡು ಕಿಟಾರನೆ ಕಿರುಚಿ ಫೋನು ಹಾಸಿಗೆಯ ಮೇಲೆ ಎಸೆದಳು. ಯಾರಾದರೂ ಹೊಸ ಜೋಡು ಕಚ್ಚುವುದೇ ಇಲ್ಲ ಎಂದು ಜಂಬ ಕೊಚ್ಚಿದರೆ, ಕಾಕಾ ಅವರನ್ನು ಅಂಗಡಿಗೆ ಕರೆಸಿ, ಕಣ್ಣು ಮುಚ್ಚಿಸಿ, ಭಾಯಿಯ ದಾರದ ತುದಿಯಿಂದ ಅಂಗಾಲು ಮುಟ್ಟಿ ನೋಡುತ್ತಾರೆ. ಕಚಗುಳಿಯಾಗಿ ಅವರು ಕಾಲು ಎಳೆದುಕೊಂಡರೆ ಕಾಕಾನಿಗೆ ಸಮಾಧಾನ. ರಾವಸಾಹೇಬ ಎರಡು ಸಲ ಒದ್ದಿದ್ದಾನೆ. ಕಾಕಾ ಖುಷಿಯಿಂದ ಒದೆಸಿಕೊಂಡಿದ್ದಾರೆ.

ಮೊನ್ನೆ ನಾನೂ ಅಥಣಿಯಿಂದ ಒಂದು ಜೋಡು ತಂದೆ. ಮೆಟ್ಟಿಕೊಂಡು ಹೊರಟವನಿಗೆ ಬಸ್‌ಸ್ಟ್ಯಾಂಡು ದಾಟುವುದರೊಳಗೆ ಪ್ರಾಣ ಹೋದಂತಾಗಿತ್ತು. ಹಲ್ಲು ಕಚ್ಚಿ, ಕುಂಟುತ್ತ, ಅಂಗಡಿಯ ಮೆಟ್ಟಿಲು ಹತ್ತಿದೆ. ಕಾಕಾ ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಎಲ್ಲಿ ತಗೊಂಡ್ರಿ ಎಂದು ಕೇಳಲಿಲ್ಲ, ಚಪ್ಪಲಿಯನ್ನು ಕೈಗೆ ತಗೊಳ್ಳಲೂ ಇಲ್ಲ. ನನ್ನ ಮುಖವನ್ನೇ ನೋಡುತ್ತ ಕೇಳಿದರು:

"ಕಚ್ಚತೈತೇನು ಮಾಸ್ತರ್?"

"ಭಾಳ ಕಚ್ಚತೈತ್ರಿ ಕಾಕಾ."

"ಹಂಗಾರ ಛಲೋ ಐತಿ," ಎಂದು ಅವರು ಚಹಾ ಹೇಳಿದರು.